ಮೀನಿನ ಹಂಡೆಗೊಬ್ಬ ಡ್ರೂಯಿಡ್

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಬಿಟ್ಟರೆ ಮನುಷ್ಯನಿಗೆ ನಷ್ಟವೇನೂ ಇಲ್ಲ. ಆದರೆ ನಮ್ಮ ಓರ್ವಿನ್ ಟೋಫ್ಟೆಯ ಬಾಯಲ್ಲಿ ಆ ಮಾತನ್ನು ಈವರೆಗೆ ಯಾರೂ ಕೇಳಿಲ್ಲ. ವಿಸ್ಕಾನ್ಸಿನ್‌ನ ಎಲ್ಕ್ ಹಾಲೋ ಎಂಬ ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿ, ಪೈಪು, ವಾಷರು ಮಾರುವ ಈ ಐವತ್ತರ ಗೃಹಸ್ಥ, ಗಿರಾಕಿ ಬಂದು ವಿಮಾನದ ರೆಕ್ಕೆ ಇದೆಯೇ ಎಂದರೂ "ನಿನ್ನೆ ತಾನೇ ಖಾಲಿಯಾಯ್ತು" ಎನ್ನುವ ಜಾತಿ. ಹೀಗಾಗಿ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಡಾಲಿ ಹುಸೆತ್, "ನಮ್ಮ ಮಂಗಳವಾರದ ಆಟಕ್ಕೆ ಒಬ್ರು ಕಮ್ಮಿ ಆಗಿದ್ದಾರೆ, ಆ ಥರದ ಆಟ ನಿಮಗೆ ಬರುತ್ತಾ?" ಎಂದು ಕೇಳಿದಾಗ, ಇಂಜೆಕ್ಷನ್ನಿಗೆ ಅರ್ಧ ಬಾಯಿ ಮರಗಟ್ಟಿದ್ದರೂ ಓರ್ವಿನ್, "ಬರದೆ ಏನು? ಹುಡುಗನಾಗಿದ್ದಾಗ ಅದರಲ್ಲೇ ಬಿದ್ದಿರ್ತಿದ್ದೆ" ಎಂದುಬಿಟ್ಟ. ಯಾವ ಆಟ ಎಂದು ಆತ ಕೇಳಿರಲಿಲ್ಲ.

ಮಂಗಳವಾರ ಸಂಜೆ ಬೋಲಿಂಗ್ ಆಡುವ ಜಾಗದ ಹಿಂದಿನ ಕೋಣೆಗೆ ಹೋದ ಮೇಲೆ ಗೊತ್ತಾಯಿತು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ವೇಷ ಹಿಡಿಯುವುದು. ಡಾಲಿ ಕಥೆ ನಡೆಸುತ್ತಾಳೆ. ರಾಕ್ಷಸ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಾಳೆ. ಅವರು ಹೇಳುತ್ತಾರೆ, ದಾಳ ಉರುಳಿಸುತ್ತಾರೆ, ದಾಳ ಹೇಳಿದಂತೆ ಗೆಲ್ಲುತ್ತಾರೆ ಇಲ್ಲವೇ ಒದೆ ತಿನ್ನುತ್ತಾರೆ. ಓರ್ವಿನ್ ಹೋಗುವ ಹೊತ್ತಿಗೆ ಕತ್ತಿವೀರ, ಮಂತ್ರವಾದಿ, ಕಳ್ಳಿ ಎಲ್ಲಾ ಮುಗಿದುಹೋಗಿದ್ದರು. ಉಳಿದಿದ್ದವನು ಡ್ರೂಯಿಡ್, ಅಂದರೆ ಕ್ರಿಸ್ತನ ಹೆಸರು ಕೇಳುವ ಮುಂಚೆ ಓಕ್ ಮರವನ್ನು ದೇವರೆಂದು ಪೂಜಿಸುತ್ತಿದ್ದ ಕಾಡಿನ ಪೂಜಾರಿ.

"ಯಾರೂ ಮುಟ್ಟಲ್ಲ ಇದನ್ನ. ನಿಯಮ ಜಾಸ್ತಿ," ಎಂದಳು ಡಾಲಿ.

"ನಾನು ಬಂದಿದ್ದೇ ಇದಕ್ಕೆ," ಎಂದ ಓರ್ವಿನ್, ಮತ್ತು ತನ್ನ ಡ್ರೂಯಿಡನಿಗೆ ಮೊಟ್ಟಮೊದಲು ಒಂದು ಕಬ್ಬಿಣದ ಕವಚ ಕೊಂಡ.

ಮೇಜಿನ ಸುತ್ತ ಇದ್ದವರೆಲ್ಲ ತಲೆ ತಗ್ಗಿಸಿ ಕೂತರು. ಡ್ರೂಯಿಡನಾದವನು ಲೋಹದ ಕವಚ ಮೈಗೆ ಸೋಕಿಸುವುದಿಲ್ಲ ಎಂಬುದು ಆ ಆಟದಲ್ಲಿ ಕೂಸಿಗೂ ಗೊತ್ತಿರುವ ಸಂಗತಿ. ಅವಮಾನವಾಯಿತು ನೋಡಿ, ಓರ್ವಿನ್ ಹಠ ಹಿಡಿದ. ಮನೆಯಲ್ಲಿ ಹೆಂಡತಿ ಮಾರ್ಲಿಸ್‌ಗೆ "ಬೋಲಿಂಗಿಗೆ ಹೋಗ್ತೀನಿ" ಎಂದು ಹೇಳಿ, ವಾರ ವಾರ ತಪ್ಪದೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಒಂದು ವಿಷಯವನ್ನು ನಿಜವಾಗಿಯೂ ಕಲಿಯತೊಡಗಿದ.

ಆದರೆ ಆತನ ಎದೆಯಲ್ಲಿ ಕೂತಿದ್ದ ಆಸೆ ಅದಲ್ಲ. ಆ ಆಸೆಯ ಹೆಸರು ಹಂಡೆ.

ನಮ್ಮ ಲೂಥರನ್ ಚರ್ಚಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಲೂಟಫಿಸ್ಕ್ ಊಟ ನಡೆಯುತ್ತದೆ. ಒಣಮೀನನ್ನು ಕ್ಷಾರದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ತೊಳೆದು, ಕುದಿಸಿ, ಮೇಲೆ ಬೆಣ್ಣೆ ಸುರಿದು ತಿನ್ನುವ ಊಟ. ನಾರ್ವೆಯಿಂದ ಬಂದ ನಮ್ಮ ಹಿರಿಯರು ಇದನ್ನು ಬಡತನಕ್ಕೆ ತಿಂದರು, ನಾವು ಅಭಿಮಾನಕ್ಕೆ ತಿನ್ನುತ್ತೇವೆ. ಸ್ವಲ್ಪ ಹೆಚ್ಚು ಬೆಂದರೆ ಮೀನು ಗಂಜಿ, ಸ್ವಲ್ಪ ಕಮ್ಮಿಯಾದರೆ ರಬ್ಬರು. ಆದ್ದರಿಂದ ಹಂಡೆಯ ಮುಂದೆ ನಿಲ್ಲುವವನಿಗೆ ಊರಿನಲ್ಲಿ ಇರುವ ಮರ್ಯಾದೆ ಮೇಯರಿಗೂ ಇಲ್ಲ. ಮೂವತ್ತು ವರ್ಷ ಆ ಜಾಗದಲ್ಲಿ ನಿಂತವನು ಓರ್ವಿನ್‌ನ ಮಾವ ಟೋರ್ವಾಲ್ಡ್. ಈ ವರ್ಷ ಅವನ ಭುಜ ಸೋತು, ಸೌಟು ಕೆಳಗಿಟ್ಟಿದ್ದ. ಮದುವೆಯಾದಾಗಿನಿಂದ ಮೂಲೆಯಲ್ಲಿ ಆಲೂಗಡ್ಡೆ ಸುಲಿದುಕೊಂಡೇ ಬಂದ ಅಳಿಯನಿಗೆ ಆ ಸೌಟು ಬರುತ್ತದೋ ಇಲ್ಲವೋ ಎಂಬುದನ್ನು ಅಡುಗೆ ಸಮಿತಿ ತೀರ್ಮಾನಿಸಬೇಕಿತ್ತು. ಸಮಿತಿಯ ಯಜಮಾನಿ ಅಗ್ನೆಸ್ ಕ್ವಾಮೆಗೆ ಹಂಡೆಯೇ ಬೇಡವಾಗಿತ್ತು. ಒಲೆ, ಸೌದೆ, ಹೊಗೆ ಯಾಕೆ, ಓವನ್ನಿನಲ್ಲಿಟ್ಟರೆ ಆಗುವುದಿಲ್ಲವೇ ಎಂದು ಆಕೆ ವರ್ಷಗಳಿಂದ ಹೇಳುತ್ತ ಬಂದವಳು.

ಇಂಥ ಅಗ್ನೆಸ್, ಒಂದು ಬುಧವಾರ ವಾಷರು ಕೊಳ್ಳಲು ಅಂಗಡಿಗೆ ಬಂದಳು. ಓರ್ವಿನ್ ಅವಳಿಗೆ ಬೆನ್ನು ಹಾಕಿಕೊಂಡು ಫೋನಿನಲ್ಲಿದ್ದ.

"ಅಲ್ಲಮ್ಮ ಡಾಲಿ, ನಾನು ಕರಡಿ ಆದ್ಮೇಲೆ ನನ್ನ ಬಟ್ಟೆ ಏನಾಗುತ್ತೆ? ... ಹಂಗಾ. ಮೈಯೊಳಗೇ ಸೇರ್ಕೊಳುತ್ತಾ? ... ಸರಿ. ಮಂಗಳವಾರ ಮಂಗಳವಾರ ಬಂದು ಅಳಿಲಿನ ಹತ್ರ ಮಾತಾಡೋದು ಕಲ್ತೆ. ... ಹೂಂ, ಡ್ರೂಯಿಡ್ ಆದ್ಮೇಲೇ ಗೊತ್ತಾಗಿದ್ದು, ಇಷ್ಟು ದಿನ ನಾನು ಬದುಕಿದ್ದೇ ದಂಡ ಅಂತ. ... ಇಲ್ಲ, ಮಾರ್ಲಿಸ್‌ಗೆ ಹೇಳಿಲ್ಲ. ಅವಳು ತಡ್ಕೊಳಲ್ಲ."

ಫೋನಿಟ್ಟು ತಿರುಗಿದರೆ ಅಗ್ನೆಸ್ ನಿಂತಿದ್ದಾಳೆ.

"ಒಂದು ವಾಷರ್ ಬೇಕಿತ್ತು," ಎಂದಳು ಅಗ್ನೆಸ್. ಅವಳ ದನಿ ಯಾಕೋ ಸಣ್ಣಗಾಗಿತ್ತು.

"ಲೋಹದ್ದು ಬೇಡ ಅಗ್ನೆಸ್," ಎಂದ ಓರ್ವಿನ್ ಉಪಕಾರಬುದ್ಧಿಯಿಂದ. "ಲೋಹ ಎಲ್ಲಾ ಕಡೆ ಆಗಿಬರಲ್ಲ. ರಬ್ಬರಿಂದು ತಗೊಳ್ಳಿ."

ಬೇರೆ ಊರಾಗಿದ್ದರೆ ಅಗ್ನೆಸ್, "ಏನಪ್ಪಾ ನಿನ್ನ ಸಮಾಚಾರ?" ಎಂದು ಕೇಳುತ್ತಿದ್ದಳು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಎಲ್ಕ್ ಹಾಲೋದಲ್ಲಿ ಯಾರೂ ಯಾರನ್ನೂ ಮುಖಕ್ಕೆ ಮುಖ ಕೊಟ್ಟು ಏನನ್ನೂ ಕೇಳುವುದಿಲ್ಲ. ಅದು ಅಸಭ್ಯ. ಕೆಟ್ಟ ಮಾತನ್ನೂ ಆಡುವುದಿಲ್ಲ. ಮನೆ ಹೊತ್ತಿ ಉರಿದರೆ "ಸ್ವಲ್ಪ ಬಿಸಿಯಾಯ್ತು" ಎನ್ನುತ್ತೇವೆ. ಬಾಯಿಗಿಡಲಾಗದ ಅಡುಗೆಯನ್ನು ಬಡಿಸಿದರೆ "ಬೇರೆ ಥರಾ ಇದೆ" ಎನ್ನುತ್ತೇವೆ. ಇದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ಅದನ್ನು ಅಡುಗೆಗೆ ಹೇಳಿದರೆ ಅಡುಗೆಯವಳು ಅಳುತ್ತಾಳೆ, ಮನುಷ್ಯನಿಗೆ ಹೇಳಿದರೆ ಅವನ ಕಥೆ ಮುಗಿಯಿತು.

ಆ ಸಂಜೆ ಅಗ್ನೆಸ್ ಚರ್ಚಿನಲ್ಲಿ ಹೊಲಿಗೆಗೆ ಕೂತಿದ್ದ ಹೆಂಗಸರಿಗೆ ಹೇಳಿದಳು, "ಓರ್ವಿನ್ ಈಗೀಗ ಸ್ವಲ್ಪ ಬೇರೆ ಥರಾ ಆಗಿದ್ದಾನೆ." ಹೆಂಗಸರ ಹೊಲಿಗೆ ನಿಂತುಹೋಯಿತು.

ಊರಿನಲ್ಲಿ ಯಾರಿಗಾದರೂ ಆಪತ್ತು ಬಂದರೆ ಕೇಳಬಾರದು ಸರಿ, ಆದರೆ ಸುಮ್ಮನಿರಲೂಬಾರದು. ಅದಕ್ಕೇ ಹಾಟ್‌ಡಿಶ್ ಇರುವುದು. ಕೊಚ್ಚಿದ ಮಾಂಸ, ಡಬ್ಬಿಯ ಸೂಪು, ಆಲೂಗಡ್ಡೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸಿ, ಸಾವಿನ ಮನೆಗೆ, ರೋಗಿಯ ಮನೆಗೆ ತಂದುಕೊಡುವ ಪದಾರ್ಥ. ಮರುದಿನ ಟೋಫ್ಟೆಯವರ ಬಾಗಿಲಿಗೆ ಮೊದಲನೆಯ ಹಾಟ್‌ಡಿಶ್ ಬಂತು. ಅದರ ಬೆನ್ನಿಗೆ ಇನ್ನೊಂದು. ತಂದವರೆಲ್ಲ ಮಾರ್ಲಿಸ್‌ಳ ಕೈ ಹಿಡಿದು, "ಏನೇ ಬಂದ್ರೂ ನಾವಿದ್ದೀವಿ" ಎಂದು ಹೇಳಿ, ಕಾರಣ ಹೇಳದೆ ಹೊರಟುಹೋದರು.

ಮಾರ್ಲಿಸ್ ಬಾಗಿಲು ಹಾಕಿ, ಗೋಡೆಗೆ ಒರಗಿ ನಿಂತಳು. ಓರ್ವಿನ್‌ಗೆ ಏನೋ ಆಗಿದೆ, ಡಾಕ್ಟರು ಹೇಳಿದ್ದಾರೆ, ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಮುಚ್ಚಿಟ್ಟಿದ್ದಾನೆ ಎಂದುಕೊಂಡಳು. ಕೇಳೋಣವೆಂದರೆ ಅವಳೂ ಈ ಊರಿನ ಮಗಳೇ.

ಓರ್ವಿನ್ ಅಂಗಡಿಯಿಂದ ಬಂದು ಫ್ರಿಜ್ಜು ತೆರೆದ. ಒಳಗೆ ಹಾಟ್‌ಡಿಶ್ಶುಗಳು ಒಂದರ ಮೇಲೊಂದು ಕೂತಿದ್ದವು. ಮಾರ್ಲಿಸ್‌ಗೆ ಏನೋ ಆಗಿದೆ, ಪಾಪ, ನನಗೆ ಹೇಳದೆ ನುಂಗಿಕೊಂಡಿದ್ದಾಳೆ ಎಂದುಕೊಂಡ.

"ಕೂತ್ಕೋ, ಪಾತ್ರೆ ನಾನು ತೊಳೀತೀನಿ," ಎಂದ.

"ಬೇಡ, ನಿಂಗೆ ಸುಸ್ತಾಗಿರುತ್ತೆ," ಎಂದಳು ಅವಳು, ಕಣ್ಣಲ್ಲಿ ನೀರು ತುಂಬಿಕೊಂಡು.

"ನಂಗೇನಾಗಿದೆ? ನೀನು ಮಲ್ಕೋ."

"ನೀನು ಮಲ್ಕೋ."

ಹೀಗೆ ಎರಡು ವಾರ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೂವಿನಂತೆ ನೋಡಿಕೊಂಡರು. ಮದುವೆಯಾದ ಹೊಸದರಲ್ಲೂ ಅವರು ಅಷ್ಟು ಪ್ರೀತಿಯಿಂದ ಇದ್ದದ್ದನ್ನು ಅಕ್ಕಪಕ್ಕದವರು ಕಂಡಿರಲಿಲ್ಲ. ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡು ಜಗಲಿಯಲ್ಲಿ ಕೂತದ್ದನ್ನು ನೋಡಿ ಊರಿನವರು ಇನ್ನಷ್ಟು ಗಾಬರಿಯಾಗಿ ಇನ್ನಷ್ಟು ಹಾಟ್‌ಡಿಶ್ ತಂದರು.

ಕೊನೆಗೆ ಪಾಸ್ಟರ್ ನೀಗಾರ್ಡ್ ಖುದ್ದಾಗಿ ಬಂದರು. ಓರ್ವಿನ್ ಡ್ರೂಯಿಡರ ಮತಕ್ಕೆ ಸೇರಿದ್ದಾನೆಂದು ಅವರಿಗೆ ಅಗ್ನೆಸ್ ಹೇಳಿ ಕಳಿಸಿದ್ದಳು. ಓರ್ವಿನ್‌ಗೋ, ಪಾಸ್ಟರು ಹಂಡೆಯ ವಿಷಯಕ್ಕೇ ಬಂದಿದ್ದಾರೆ, ತನ್ನನ್ನು ಪರೀಕ್ಷಿಸುತ್ತಾರೆ ಎಂದು ಖಾತ್ರಿಯಾಗಿತ್ತು. ಕಾಫಿ ಕೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತ.

"ಕಾಡು ಒಳ್ಳೇದು ಓರ್ವಿನ್," ಎಂದು ಶುರುಮಾಡಿದರು ಪಾಸ್ಟರು. "ನಂಗೂ ಮರ ಅಂದ್ರೆ ಇಷ್ಟ."

ಮರ ಎಂದ ಕೂಡಲೇ ಓರ್ವಿನ್‌ಗೆ ಹೊಳೆಯಿತು. ಹಂಡೆಯ ಕೆಳಗೆ ಸೌದೆಯೋ, ಗ್ಯಾಸೋ ಎಂಬ ಪ್ರಶ್ನೆ ಇದು.

"ಪಾಸ್ಟರ್, ನಿಮ್ಮ ಹತ್ರ ಮುಚ್ಚುಮರೆ ಯಾಕೆ? ನಾನು ನಂಬಿರೋದು ಓಕ್ ಮರಾನೇ. ಬೇರೆ ಯಾವುದನ್ನೂ ನಂಬಲ್ಲ."

ಪಾಸ್ಟರ ಕೈಯ ಬಟ್ಟಲು ತಟ್ಟೆಗೆ ತಾಗಿ ಸದ್ದಾಯಿತು. "ಓಕನ್ನಾ?"

"ಓಕನ್ನೇ. ಕೆಲವರು ಬರ್ಚ್ ಅಂತಾರೆ. ಅದು ಬರೀ ಹೊಗೆ."

"ಇದು... ಯಾವಾಗಿಂದ?"

"ನಮ್ಮ ಮಾವನ ಕಾಲದಿಂದ. ಅವರು ಮೂವತ್ತು ವರ್ಷ ಚರ್ಚಿನ ಹಿತ್ತಲಲ್ಲೇ ನಡೆಸ್ಕೊಂಡು ಬಂದ್ರಲ್ಲ. ನಾನು ಮೂಲೇಲಿ ಕೂತು ನೋಡಿ ನೋಡಿ ಕಲ್ತೆ."

"ಟೋರ್ವಾಲ್ಡ್ ಕೂಡಾನಾ?" ಎಂದರು ಪಾಸ್ಟರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಮೂವತ್ತು ವರ್ಷ ತಮ್ಮ ಚರ್ಚಿನ ಹಿತ್ತಲಲ್ಲಿ, ತಮ್ಮ ಮೂಗಿನಡಿಯಲ್ಲಿ, ಓಕ್ ಮರದ ಪೂಜಾರಿಯೊಬ್ಬ ಬೇಯಿಸಿದ ಮೀನನ್ನು ತಾವೇ ಪ್ರಾರ್ಥನೆ ಹೇಳಿ ತಿಂದಿದ್ದು ಅವರ ಕಣ್ಣಮುಂದೆ ಬಂತು.

"ಮತ್ತೆ? ಆ ರುಚಿ ಎಲ್ಲಿಂದ ಬಂತು ಅನ್ಕೊಂಡ್ರಿ?" ಎಂದ ಓರ್ವಿನ್.

ಪಾಸ್ಟರು ಕಾಫಿ ಪೂರ್ತಿ ಕುಡಿಯದೆ ಎದ್ದರು. ನಮ್ಮ ಊರಿನಲ್ಲಿ ಕಾಫಿ ಬಿಟ್ಟೇಳುವುದೆಂದರೆ ಏನು ಎಂದು ಗೊತ್ತಿದ್ದವರಿಗೆ ಗೊತ್ತು. ಓರ್ವಿನ್ ಮಾತ್ರ ಪರೀಕ್ಷೆ ಚೆನ್ನಾಗಾಯಿತೆಂದು ಮೀಸೆ ತಿರುವಿಕೊಂಡ.

ಸಮಿತಿಯ ಸಭೆ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿತು. ಎಂದೂ ಬಾರದವರೆಲ್ಲ ಬಂದಿದ್ದರು. ಟೋರ್ವಾಲ್ಡ್ ಎದೆಗೆ ಕೈ ಕಟ್ಟಿ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಹುಲ್ಡಾ, ಕಿವಿ ಸ್ವಲ್ಪ ಮಂದವಾದ ಮುದುಕಿ. ಆ ದಂಪತಿಗಳ ಎರಡೂ ಕಡೆಯ ಕುರ್ಚಿಗಳು ಖಾಲಿ ಇದ್ದವು. ಯಾಕೆ ಯಾರೂ ತಮ್ಮ ಹತ್ತಿರ ಕೂರುತ್ತಿಲ್ಲ ಎಂದು ಅವರಿಬ್ಬರಿಗೂ ತಿಳಿಯಲಿಲ್ಲ. ಮಾರ್ಲಿಸ್ ಹಿಂದಿನ ಸಾಲಿನಲ್ಲಿ ಕರವಸ್ತ್ರ ಹಿಡಿದು ಕೂತಿದ್ದಳು. ಸಾಯುವ ಗಂಡನ ಕೊನೆಯ ಆಸೆಯಾದರೂ ಈಡೇರಲಿ ಎಂದು ಅವಳ ಪ್ರಾರ್ಥನೆ.

ಅಗ್ನೆಸ್ ಗಂಟಲು ಸರಿಮಾಡಿಕೊಂಡಳು. "ನೋಡು ಓರ್ವಿನ್, ನಿನ್ನ ಮಂಗಳವಾರದ ವಿಷಯ ನಮಗೆಲ್ಲ ಗೊತ್ತಿದೆ. ಯಾರೂ ಏನೂ ಅಂದಿಲ್ಲ. ಅನ್ನೋದೂ ಇಲ್ಲ. ಆದ್ರೆ ಡ್ರೂಯಿಡ್ ಆದೋನ ಕೈಗೆ ಹಂಡೆ ಕೊಡೋಕೆ ಮುಂಚೆ, ಅದರಲ್ಲಿ ಒಳ್ಳೇದೇನು, ಕೊರತೆ ಏನು ಅಂತ ನಿನ್ನ ಬಾಯಿಂದಾನೇ ಕೇಳಿದ್ರೆ ನಮಗೂ ಒಂದು ಸಮಾಧಾನ."

ಓರ್ವಿನ್‌ಗೆ ಮೊದಲು ನಾಚಿಕೆಯಾಯಿತು. ಆಟದ ವಿಷಯ ಗೊತ್ತಾಗಿಬಿಟ್ಟಿದೆ. ಮರುಗಳಿಗೆ ನಾಚಿಕೆ ಹೋಗಿ ಮೈಯೆಲ್ಲಾ ಪುಳಕವಾಯಿತು. ಐವತ್ತು ವರ್ಷದಲ್ಲಿ ಮೊದಲ ಸಲ ನಾಲ್ಕು ಜನ ಕೂತು ಅವನಿಗೆ ನಿಜವಾಗಿಯೂ ಉತ್ತರ ಗೊತ್ತಿದ್ದ ಒಂದು ಪ್ರಶ್ನೆಯನ್ನು ಕೇಳಿದ್ದರು. ಎದ್ದು ನಿಂತ.

"ಒಳ್ಳೇದು ಅಂದ್ರೆ ಬೇಕಾದಷ್ಟಿದೆ," ಎಂದ. "ಮೊದಲ್ನೇದು, ಕರಡಿ ಆಗಬಹುದು. ಕರಡಿ ಆಗಿದ್ದಾಗ ಯಾರಾದ್ರೂ ಕೊಂದ್ರೆ ಕರಡಿ ಹೋಗುತ್ತೆ, ನಾನು ಉಳ್ಕೊತೀನಿ. ಇದು ಬೇರೆ ಯಾರಿಗೂ ಇಲ್ಲ. ಪ್ರಾಣಿಗಳ ಹತ್ರ ಮಾತಾಡಬಹುದು. ಮೋಡ ಕರೆಸಿ ಸಿಡಿಲು ಹೊಡೆಸಬಹುದು. ಆಗದೋರು ಬಂದ್ರೆ ನೆಲದಿಂದ ಬೇರು ಎಬ್ಬಿಸಿ ಕಾಲು ಕಟ್ಟಿಹಾಕಬಹುದು."

ಮುಂದಿನ ಸಾಲಿನ ಹೆಂಗಸರು ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು.

"ಗಾಯ ವಾಸಿ ಮಾಡ್ತೀನಿ. ಆದ್ರೆ ಸುಳ್ಳು ಹೇಳಬಾರದು, ಅದರಲ್ಲಿ ಪಾಸ್ಟರ್ ಥರದೋರೇ ನಮಗಿಂತ ಮೇಲು. ಕೊರತೆ ಅಂದ್ರೆ ಇದೇ ನೋಡಿ. ಎಲ್ಲಾ ಸ್ವಲ್ಪ ಸ್ವಲ್ಪ ಬರುತ್ತೆ, ಯಾವುದರಲ್ಲೂ ಒಂದನೇ ನಂಬರಲ್ಲ. ಕಬ್ಬಿಣದ ಅಂಗಿ ಹಾಕೋಹಾಗಿಲ್ಲ, ಅದಕ್ಕೇ ಏಟು ಬಿದ್ರೆ ಜೋರಾಗೇ ಬೀಳುತ್ತೆ. ಕರಡಿ ಆಗಿದ್ದಾಗ ಬಾಯಿ ಬರಲ್ಲ, ಮಂತ್ರ ಹೇಳೋಕಾಗಲ್ಲ. ಕಾಡಲ್ಲಿ ರಾಜ, ಊರೊಳಗೆ ಬಂದ್ರೆ ದಂಡಪಿಂಡ. ಇನ್ನು ಎಲ್ಲಕ್ಕಿಂತ ದೊಡ್ಡ ಕೊರತೆ ಏಕಾಗ್ರತೆ. ಒಂದು ಸಲಕ್ಕೆ ಒಂದೇ ದೊಡ್ಡ ಮಂತ್ರ ಹಿಡ್ಕೊಳೋಕಾಗೋದು. ಮಧ್ಯದಲ್ಲಿ ಯಾರಾದ್ರೂ ತಲೆಗೊಂದು ಬಿಟ್ರೆ, ಅಷ್ಟೇ, ಕೆಲಸ ಕೆಟ್ಟಿತು."

"ನೀನೊಬ್ನೇನಾ? ಇನ್ನೂ ಇದ್ದಾರಾ?" ಎಂದು ಕೇಳಿದರು ಪಾಸ್ಟರು, ಪಿಸುಮಾತಿನಲ್ಲಿ.

"ಐದು ಜನ ಇದ್ದೀವಿ. ಒಬ್ಳು ಕಳ್ಳಿ. ಒಬ್ಬ ಮಂತ್ರವಾದಿ, ಅವನು ಹಗಲು ಹೊತ್ತಿನಲ್ಲಿ ಅಂಚೆ ಹಂಚ್ತಾನೆ. ಎಲ್ರ ಹಣೇಬರಹ ಬರೆಯೋಳು ದಂತವೈದ್ಯರ ಕ್ಲಿನಿಕ್ಕಿನ ಡಾಲಿ. ಹೋದ ವಾರ ಅವಳೇ ನನ್ನ ಸಾಯಿಸ್ತಿದ್ಲು, ಸ್ವಲ್ಪದರಲ್ಲಿ ಉಳ್ಕೊಂಡೆ."

ಹಿಂದಿನ ಸಾಲಿನಲ್ಲಿ ಮಾರ್ಲಿಸ್ ಎದ್ದು ನಿಂತಳು. "ಹಾಗಾದ್ರೆ ನೀನು ಸಾಯಲ್ವಾ?"

"ನಾನ್ಯಾಕೆ ಸಾಯ್ಲಿ?" ಎಂದ ಓರ್ವಿನ್ ತಿರುಗಿ. "ಸಾಯ್ತಿರೋದು ನೀನಲ್ವಾ?"

"ನಾನಾ? ನಂಗೇನಾಗಿದೆ ಧಾಡಿ? ಆ ಹಾಟ್‌ಡಿಶ್ ಎಲ್ಲಾ ನಿನಗೆ ಬಂದಿದ್ದು."

"ನಂಗಾ? ನಿಂಗೆ ಅಂತ ನಾನು ಎರಡು ವಾರ ಪಾತ್ರೆ ತೊಳೆದೆನಲ್ಲೇ!"

ಮಾರ್ಲಿಸ್ ಕುರ್ಚಿಗಳನ್ನು ಸರಿಸಿಕೊಂಡು ಬಂದು, ಎಲ್ಲರ ಮುಂದೆ, ಚರ್ಚಿನ ನೆಲಮಾಳಿಗೆಯಲ್ಲಿ, ಗಂಡನನ್ನು ತಬ್ಬಿಕೊಂಡು ಅತ್ತಳು. "ನೀನಿಲ್ದೆ ನಾನೇನು ಮಾಡ್ಲಿ ಅಂತ ದಿನಾ ಅಳ್ತಿದ್ದೆ ಕಣೋ," ಎಂದಳು. ಓರ್ವಿನ್‌ಗೂ ಅಳು ಬಂತು. ನಮ್ಮವರಿಗೆ ಇಂಥದ್ದನ್ನು ನೋಡಿ ಅಭ್ಯಾಸವಿಲ್ಲ. ಎಲ್ಲರೂ ಅರ್ಜೆಂಟಾಗಿ ತಮ್ಮ ತಮ್ಮ ಬೂಟುಗಳನ್ನು ನೋಡತೊಡಗಿದರು.

ಬೂಟು ನೋಡದಿದ್ದವಳು ಹುಲ್ಡಾ ಒಬ್ಬಳೇ. ವಯಸ್ಸಾದ ಮೇಲೆ ಸಭ್ಯತೆಗೆಲ್ಲ ಅವಳಿಗೆ ಪುರುಸೊತ್ತಿರಲಿಲ್ಲ. ಇಡೀ ಊರು ಎರಡು ವಾರದಿಂದ ಕೇಳಲಾರದೆ ಒದ್ದಾಡುತ್ತಿದ್ದ ಪ್ರಶ್ನೆಯನ್ನು ಆ ಮುದುಕಿ ಕೂತಲ್ಲಿಂದಲೇ ಕೇಳಿದಳು. "ಅದೆಲ್ಲಾ ಇರ್ಲಿ. ನೀನು ಎಲ್ಲಿ ಕರಡಿ ಆಗೋದು?"

"ಬೋಲಿಂಗ್ ಜಾಗದ ಹಿಂದಿನ ಕೋಣೇಲಿ, ಅತ್ತೆ."

"ಹೆಂಗೆ ಆಗ್ತೀಯ?"

"ಕುರ್ಚೀಲಿ ಕೂತ್ಕೊಂಡು. ಕರಡಿ ಆದೆ ಅಂತ ಬಾಯಲ್ಲಿ ಹೇಳೋದು. ಆಮೇಲೆ ಇದನ್ನ ಉರುಳಿಸೋದು." ಓರ್ವಿನ್ ಜೇಬಿನಿಂದ ಒಂದು ಇಪ್ಪತ್ತು ಮುಖದ ದಾಳ ತೆಗೆದು ಮೇಜಿನ ಮೇಲಿಟ್ಟ. "ಆಟ ಅತ್ತೆ. ಯಾಕೆ, ಇವರಿಗೆಲ್ಲಾ ಗೊತ್ತಲ್ಲ."

ಎಲ್ಲರೂ ಕತ್ತು ಚಾಚಿ ಆ ದಾಳವನ್ನು ನೋಡಿದರು.

"ಹಾಗಾದ್ರೆ ಓಕ್ ಮರ?" ಎಂದರು ಪಾಸ್ಟರು.

"ಸೌದೆ, ಪಾಸ್ಟರ್. ಹಂಡೆ ಕೆಳಗೆ ಇನ್ನೇನು ಹಾಕ್ತಾರೆ?"

ಪಾಸ್ಟರು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿದ್ದುದನ್ನು ಕಂಡು ಅಳುತ್ತಿದ್ದಾರೆಂದೇ ಹೆಂಗಸರು ಎಣಿಸಿದರು. ಕೈ ತೆಗೆದಾಗ ಗೊತ್ತಾಯಿತು, ನಗು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಅಗ್ನೆಸ್ ಒಬ್ಬಳು ನಗಲಿಲ್ಲ. ಊರಿಗೆಲ್ಲ ಡಂಗುರ ಹೊಡೆದವಳು ಅವಳೇ ತಾನೇ? ಈಗ ಎಲ್ಲರೂ ತನ್ನ ಕಡೆ ನೋಡುತ್ತಾರೆ ಎಂದು ಅವಳು ಕೆಂಪಾದಳು. ಆದರೆ ನಮ್ಮೂರಿನವರು ಅಷ್ಟು ಅಸಭ್ಯರಲ್ಲ. ಯಾರೂ ಅವಳ ಕಡೆ ನೋಡಲಿಲ್ಲ, ಅದರಿಂದ ಅವಳು ಇನ್ನೂ ಕೆಂಪಾದಳು.

"ಸರಿ. ಈ ವರ್ಷಕ್ಕೆ ಮಾತ್ರ ಹಂಡೆ ಓರ್ವಿನ್‌ಗೆ," ಎಂದಳು ಕೊನೆಗೆ. "ಮೀನು ಕೆಟ್ರೆ ಆಮೇಲೆ ಓವನ್ನೇ. ಯಾರೂ ನನಗೆ ಎದುರು ಹೇಳೋಹಾಗಿಲ್ಲ."

ಟೋರ್ವಾಲ್ಡ್ ಎದ್ದು, ಟೊಪ್ಪಿ ಇಟ್ಟುಕೊಂಡು, ಅಳಿಯನ ಮುಖವನ್ನೂ ನೋಡದೆ ಹೊರಟುಹೋದ. ಓರ್ವಿನ್‌ನ ಸಂತೋಷ ಅರ್ಧ ಇಳಿದುಹೋಯಿತು. ಸಮಿತಿ ಕೊಟ್ಟರೇನು, ಆ ಮನುಷ್ಯ ಒಪ್ಪದೆ ಹಂಡೆ ತನ್ನದಾಗುವುದಿಲ್ಲ.

ಊಟದ ದಿನ ಬೆಳಿಗ್ಗೆಯಿಂದಲೇ ಚರ್ಚಿನ ಹಿತ್ತಲಿನಲ್ಲಿ ಜನ. ಅಕ್ಕಪಕ್ಕದ ಊರುಗಳಿಂದಲೂ ಬಂದಿದ್ದರು. ಮೀನಿಗಾಗಿ ಬಂದವರು ಕೆಲವರು, ಕರಡಿಯನ್ನು ನೋಡಲು ಬಂದವರು ಹಲವರು. ಓರ್ವಿನ್ ಓಕ್ ಸೌದೆಗೆ ಬೆಂಕಿ ಕೊಟ್ಟು, ಏಪ್ರನ್ ಕಟ್ಟಿ, ಹಂಡೆಯ ಮುಂದೆ ನಿಂತ.

"ನನ್ನ ಮಂಡಿ ವಾಸಿ ಮಾಡ್ತೀಯೇನಪ್ಪಾ?" ಎಂದ ಸಾಲಿನಲ್ಲಿದ್ದ ಒಬ್ಬ.

ಓರ್ವಿನ್ ತಲೆ ಎತ್ತಲಿಲ್ಲ. ಅವನ ಕಣ್ಣು ನೀರಿನ ಮೇಲಿತ್ತು.

"ಓರ್ವಿನ್, ನಮ್ಮ ಹಸು ಹಾಲು ಕೊಡ್ತಿಲ್ಲ, ಯಾಕೆ ಅಂತ ಕೇಳಿ ಹೇಳ್ತೀಯಾ?" ಎಂದ ಇನ್ನೊಬ್ಬ. ಜನ ನಕ್ಕರು. ಓರ್ವಿನ್ ಮೀನಿನ ಬುಟ್ಟಿಯನ್ನು ಇಳಿಸಿದ.

ಅಗ್ನೆಸ್ ಕೂಡ ಹತ್ತಿರ ಬಂದಳು. ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಆ ನಿಮ್ಮ ಆಟದಲ್ಲಿ ಎಲ್ರನ್ನೂ ಅಂಕೇಲಿ ಇಟ್ಕೊಳೋ ರಾಣಿ ಗೀಣಿ ಇದ್ದಾಳಾ? ಸುಮ್ನೆ ಕೇಳ್ದೆ," ಎಂದಳು.

"ಅಗ್ನೆಸ್, ಈಗ ಮೀನು," ಎಂದ ಓರ್ವಿನ್. ನಮ್ಮ ಊರಿನಲ್ಲಿ ಅಗ್ನೆಸ್ ಕ್ವಾಮೆಗೆ ಹಾಗೆ ಹೇಳಿದ ಮೊದಲಿಗ ಅವನು. ಅವಳು ಸುಮ್ಮನೆ ಹಿಂದಕ್ಕೆ ಸರಿದಳು.

ನೀರು ಅಂಚಿನಲ್ಲಿ ಮಾತ್ರ ಕುದಿಯಿತು, ಮೀನಿನ ಅಂಚು ಗಾಜಿನಂತಾಯಿತು. ಈಗಲೇ ಎಂದು ಯಾರೂ ಹೇಳಲಿಲ್ಲ. ಹೇಳುವವನು ಒಳಗೆ ಉದ್ದನೆಯ ಮೇಜಿನ ತುದಿಯಲ್ಲಿ ಫೋರ್ಕು ಹಿಡಿದು ಕೂತಿದ್ದ. ಓರ್ವಿನ್ ತಾನೇ ತೀರ್ಮಾನಿಸಿ ಬುಟ್ಟಿಯನ್ನು ಎತ್ತಿದ. ಮೊದಲ ತಟ್ಟೆಯನ್ನು ಪದ್ಧತಿಯಂತೆ ತಾನೇ ಒಯ್ದು ಮಾವನ ಮುಂದಿಟ್ಟು, ಪಕ್ಕದಲ್ಲಿ ನಿಂತ.

ಟೋರ್ವಾಲ್ಡ್ ಫೋರ್ಕಿನಿಂದ ಮೀನನ್ನು ಒತ್ತಿ ನೋಡಿದ. ಪದರ ಪದರವಾಗಿ ಬಿಟ್ಟುಕೊಂಡಿತು. ಬೆಣ್ಣೆ ಸುರಿದುಕೊಂಡು, ಆತುರವಿಲ್ಲದೆ, ಪೂರ್ತಿ ತಿಂದ. ಸುತ್ತ ಕೂತವರು ತಮ್ಮ ಊಟ ಮರೆತು ಅವನ ದವಡೆಯನ್ನೇ ನೋಡುತ್ತಿದ್ದರು. ಮಾರ್ಲಿಸ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುದುಕ ಬಾಯಿ ಒರೆಸಿಕೊಂಡು, ಖಾಲಿ ತಟ್ಟೆಯನ್ನು ಅಳಿಯನ ಕಡೆ ಚಾಚಿದ.

"ಉಪ್ಪು ಒಂಚೂರು ಕಮ್ಮಿ ಆಯ್ತು," ಎಂದ. "ಮುಂದಿನ ವರ್ಷ ನೋಡ್ಕೊಂಡು ಹಾಕು."